ಚಿನ್ನದ ಬೆಟ್ಟದ ಮೇಲೆ ಎರಡು ಸಲ ಆಡಿದ ಒಂದು ದ್ವಂದ್ವ

ಇದು ಮೇಜಿನ ಸುತ್ತ ಕೂತು, ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸಿ, ದಾಳ ಉರುಳಿಸಿ ಆಡುವ ಕಥೆಯಾಟದಲ್ಲಿ ನಡೆದ ಒಂದೇ ದ್ವಂದ್ವದ ಕಥೆ. ಅದನ್ನು ನಾವು ಎರಡು ಸಲ ಆಡಿದೆವು. ಮೊದಲನೇ ಸಲ ಪೂರ್ತಿ ಕೆಟ್ಟಿತು. ಎರಡನೇ ಸಲ ಚೆನ್ನಾಗಿ ಸಾಗಿ, ಕೊನೇ ಗಳಿಗೆಯಲ್ಲಿ ಕೆಡುವುದರಲ್ಲಿತ್ತು. ಆಟ ನಡೆಸುತ್ತಿದ್ದ ಜಿಎಂ (ಗೇಮ್ ಮಾಸ್ಟರ್) ನಾನೇ. ಹಾಗಾಗಿ ಇಲ್ಲಿ ಬರುವ ತಪ್ಪು ತೀರ್ಮಾನಗಳೂ ನನ್ನವೇ.

ಆಟಗಾರರೆಲ್ಲರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಅವರ ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ದಾಳದ ಲೆಕ್ಕ ಮಾತ್ರ ನನ್ನ ನೋಟ್‌ಬುಕ್‌ನಲ್ಲಿ ಇದ್ದ ಹಾಗೇ ಇದೆ. ದ್ವಂದ್ವ ಮಾಡಿದ ಇಬ್ಬರನ್ನು ಈಟಿಗಾರ್ತಿ, ಗಾಳಿಯವನು ಎಂದು ಕರೆಯುತ್ತೇನೆ. ಪಾತ್ರಕ್ಕೂ ಆಡಿಸುವವರಿಗೂ ಅದೇ ಹೆಸರು. ಉಳಿದ ಮೂವರು ಮೇಜಿನ ಸುತ್ತ ಕೂತು ನೋಡುತ್ತಿದ್ದವರು. ಕೊನೆಗೆ ಈ ಆಟವನ್ನು ಉಳಿಸಿದವರಲ್ಲಿ ಅವರೂ ಇದ್ದರು.

ಬೆಟ್ಟ, ಹಗೆ, ಹಳೇ ಕಥೆ

ನಾವು ಆಡುತ್ತಿದ್ದದ್ದು ರೂನ್‌ಕ್ವೆಸ್ಟ್. 1978ರಲ್ಲಿ ಮೊದಲು ಬಂದ ಆಟ ಇದು. ನಮ್ಮ ಹತ್ತಿರ ಇದ್ದದ್ದು 2018ರ ಆವೃತ್ತಿ. ಕಥೆ ನಡೆಯುವುದು ಗ್ಲೊರಾಂಥಾ ಎಂಬ ಕಲ್ಪನೆಯ ಲೋಕದಲ್ಲಿ. ಗ್ರೆಗ್ ಸ್ಟಾಫರ್ಡ್ 1966ರಿಂದ ಕಟ್ಟುತ್ತಾ ಬಂದ ಲೋಕ ಅದು. ಅಲ್ಲಿ ಪುರಾಣ ಅಂದರೆ ಮುಗಿದುಹೋದ ಸಂಗತಿ ಅಲ್ಲ. ದೇವರು ಹಿಂದೆ ಏನು ಮಾಡಿದನೋ ಅದನ್ನು ಭಕ್ತರು ಮತ್ತೆ ಮಾಡಬಹುದು. ವಿಧಿ ಮಾಡಿ ಆಚೆಯ ಲೋಕಕ್ಕೆ ಕಾಲಿಟ್ಟು, ದೇವರ ಜಾಗದಲ್ಲಿ ನಿಂತು, ಅದೇ ದಾರಿ ತುಳಿಯುತ್ತಾರೆ. ಸರಿಯಾಗಿ ತುಳಿದರೆ ದೇವರಿಗೆ ಸಿಕ್ಕಿದ್ದರಲ್ಲಿ ಒಂದು ಪಾಲು ಅವರಿಗೂ ಸಿಗುತ್ತದೆ. ಇದಕ್ಕೆ ಹೀರೋಕ್ವೆಸ್ಟ್ ಅಂತಾರೆ.

ಇದರಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಮಾತಿದೆ. ದೇವರ ಕಥೆಯಲ್ಲಿ ಶತ್ರು ಇರುತ್ತಾನಲ್ಲ, ಅವನ ಜಾಗದಲ್ಲಿ ಬಂದು ನಿಲ್ಲುವವನು ಸುಮ್ನೆ ಒಂದು ನೆರಳು ಆಗಬೇಕಾಗಿಲ್ಲ. ಅವನೂ ನಿನ್ನ ಹಾಗೆಯೇ ವಿಧಿ ಮಾಡಿ ಒಳಗೆ ಬಂದ ಮನುಷ್ಯ ಆಗಿರಬಹುದು. ಅವನ ಪುರಾಣದಲ್ಲಿ ಅವನೇ ನಾಯಕ. ನೀನು ಶತ್ರು. ಇಬ್ಬರೂ ಒಂದೇ ಬೆಟ್ಟ ಹತ್ತುತ್ತೀರಿ, ಆದರೆ ಬೇರೆ ಬೇರೆ ಕಥೆ ಹೊತ್ತುಕೊಂಡು.

ನಮ್ಮ ಬೆಟ್ಟ ಚಿನ್ನದ ಬೆಟ್ಟ. ಈಟಿಗಾರ್ತಿಯ ದೇವರು ಯೆಲ್ಮಾಲಿಯೊ, ಬೆಳಕು ಇದ್ದೂ ಬಿಸಿ ಇಲ್ಲದ ಸೂರ್ಯ. ಬಿಸಿ ಯಾಕಿಲ್ಲ ಅನ್ನುವುದಕ್ಕೆ ಉತ್ತರ ಈ ಬೆಟ್ಟದ ಮೇಲಿದೆ. ಹೇಳುವವರಿಗೆ ತಕ್ಕಂತೆ ವಿವರ ಬದಲಾಗುತ್ತದೆ. ನಾವು ಹಿಡಿದುಕೊಂಡ ರೂಪ ಹೀಗಿತ್ತು: ಬೆಟ್ಟದ ಮೇಲೆ ಅವನು ಬಿರುಗಾಳಿಯ ದೇವರು ಓರ್ಲಾಂತ್‌ಗೆ ಸೋತು ಆಯುಧ ಕಳೆದುಕೊಳ್ಳುತ್ತಾನೆ. ಆಮೇಲೆ ಕತ್ತಲೆಯ ಜನರಾದ ಟ್ರೋಲ್‌ಗಳ ಯುದ್ಧದೇವರು ಜೋರಾಕ್ ಜೋರಾನ್ ಅವನ ಬೆಂಕಿ ಕಿತ್ತುಕೊಳ್ಳುತ್ತಾನೆ. ಹಿಮದ ದೇವತೆ ಇನೋರಾಳ ಚಳಿಯೂ ಇದೆ. ಇಷ್ಟೆಲ್ಲ ಆದರೂ ಅವನು ಸಾಯುವುದಿಲ್ಲ. ಬರಿಗೈಲಿ ಕತ್ತಲೆ ದಾಟಿ ಬೆಳಗಿನವರೆಗೆ ನಿಲ್ಲುತ್ತಾನೆ. ಅವನ ಭಕ್ತರಿಗೆ ಅದೇ ದೊಡ್ಡದು.

ಗಾಳಿಯವನು ಓರ್ಲಾಂತ್‌ನ ಭಕ್ತ. ಅವನ ಪುರಾಣದಲ್ಲಿ ಈ ಬೆಟ್ಟ ಗೆದ್ದ ಜಾಗ.

ಈ ಇಬ್ಬರ ಹಗೆ ಶುರುವಾಗಿದ್ದು ಪುರಾಣದಿಂದ ಅಲ್ಲ. ಐದು ತಿಂಗಳ ಹಿಂದಿನ ಒಂದು ಸೆಷನ್‌ನಲ್ಲಿ ಗಾಳಿಯವನ ಕುಲದವರು ದನ ಹೊಡೆದುಕೊಂಡು ಹೋಗಲು ಬಂದರು. ಈಟಿಗಾರ್ತಿ ಕಾವಲಿನ ಸಾಲಿನಲ್ಲಿದ್ದಳು. ಆ ಜಗಳದಲ್ಲಿ ಗಾಳಿಯವನ ತಮ್ಮ ಸತ್ತ. ಯಾರ ಈಟಿ ತಗುಲಿತು ಅನ್ನುವುದು ಯಾರಿಗೂ ಗೊತ್ತಿಲ್ಲ. ನಾನೂ ತೀರ್ಮಾನಿಸಿರಲಿಲ್ಲ. ಆಮೇಲೆ ಪರಿಸ್ಥಿತಿ ಇಬ್ಬರನ್ನೂ ಒಂದೇ ಗುಂಪಿಗೆ ತಂದು ಹಾಕಿತು. ಒಟ್ಟಿಗೆ ತಿರುಗಿದರು, ಒಬ್ಬರ ಜೀವ ಇನ್ನೊಬ್ಬರು ಉಳಿಸಿದರು. ತಮ್ಮನ ವಿಷಯ ಮಾತ್ರ ಒಂದು ದಿನವೂ ಬಾಯಿಬಿಟ್ಟು ಆಡಲಿಲ್ಲ.

ಹೀಗಿರುವಾಗ ಇಬ್ಬರ ದೇವಸ್ಥಾನವೂ ಇಬ್ಬರನ್ನೂ ಅದೇ ಬೆಟ್ಟಕ್ಕೆ ಕಳಿಸಿತು. ಇದು ನಾನು ಬೇಕಂತಲೇ ಹೂಡಿದ್ದು. ಆ ಮಾತು ಇಲ್ಲಾದರೂ ಹೊರಗೆ ಬರಲಿ ಅಂತ.

ಮೊದಲನೇ ಸಲ: 24 ಸೆಕೆಂಡು

ಮೊದಲ ಸಲ ನಾನು ಯಾವ ಸಿದ್ಧತೆಯೂ ಮಾಡಲಿಲ್ಲ. ದ್ವಂದ್ವ ಅಂದರೆ ಹೊಡೆದಾಟ, ಹೊಡೆದಾಟಕ್ಕೆ ನಿಯಮ ಇದೆ, ಅಷ್ಟು ಸಾಕು ಅಂದುಕೊಂಡೆ.

ರೂನ್‌ಕ್ವೆಸ್ಟ್‌ನ ಹೊಡೆದಾಟದ ನಿಯಮ ಗೊತ್ತಿರುವವರಿಗೆ ಮುಂದೆ ಏನಾಗುತ್ತದೆ ಅಂತ ಹೊಳೆದಿರಬೇಕು. ನೂರರ ದಾಳ ಉರುಳಿಸಿ ಏಟು ಬಿತ್ತೋ ಇಲ್ಲವೋ ನೋಡುತ್ತೇವೆ. ಪಾತ್ರದ ಲೆಕ್ಕಕ್ಕಿಂತ ಹೆಚ್ಚು ಬಾರದಿದ್ದರೆ ಏಟು ಬಿದ್ದ ಹಾಗೆ. ಆಮೇಲೆ ಇಪ್ಪತ್ತರ ದಾಳ ಉರುಳಿಸಿ ಏಟು ಯಾವ ಅಂಗಕ್ಕೆ ಅಂತ ನೋಡುತ್ತೇವೆ. 1ರಿಂದ 4 ಬಲಗಾಲು, 5ರಿಂದ 8 ಎಡಗಾಲು, ಹೀಗೆ ಮೇಲಕ್ಕೆ 19, 20 ತಲೆ. ಒಂದೊಂದು ಅಂಗಕ್ಕೆ ಬೇರೆ ಬೇರೆ ಲೆಕ್ಕ. ಒಂದು ಒಳ್ಳೆ ಏಟು ಸಾಕು, ಎಂಥಾ ವೀರನೂ ನೆಲಕ್ಕೆ ಬೀಳುತ್ತಾನೆ. ಕಾಡಿನಲ್ಲಿ ಹೊಂಚು ಹಾಕಿದವರ ಜೊತೆ ಹೊಡೆದಾಡುವಾಗ ಈ ನಿಯಮದ ಭಯ ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ. ನನಗೆ ಈ ಆಟ ಇಷ್ಟವಾಗಲು ಅದೂ ಒಂದು ಕಾರಣ.

ಆದರೆ ಇಲ್ಲಿ ಎರಡನೇ ಸುತ್ತಿನಲ್ಲೇ ಗಾಳಿಯವನ ಕತ್ತಿಗೆ ಸ್ಪೆಷಲ್, ಅಂದರೆ ಮಾಮೂಲಿಗಿಂತ ಜೋರಾದ ಗೆಲುವು, ಬಿತ್ತು. ಅಂಗದ ದಾಳ 6. ಎಡಗಾಲು. ಈಟಿಗಾರ್ತಿ ಬಿದ್ದಳು. ಕಥೆಯ ಒಳಗೆ ಒಂದು ಸುತ್ತು ಅಂದರೆ 12 ಸೆಕೆಂಡು. ಐದು ತಿಂಗಳ ಹಗೆ 24 ಸೆಕೆಂಡಿನಲ್ಲಿ ಮುಗಿಯಿತು. ಮೇಜಿನ ಮೇಲೆ ಮಾತ್ರ ಅದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಯಾವ ಮಂತ್ರ ಮೊದಲು, ಯಾರ ಏಟು ಮೊದಲು ಅಂತ ಪುಸ್ತಕ ತಿರುಗಿಸಿದ್ದೇ ಜಾಸ್ತಿ. ಉಳಿದ ಮೂವರು ಆ ಮುಕ್ಕಾಲು ಗಂಟೆ ಒಂದು ಮಾತೂ ಆಡಲಿಲ್ಲ. ಆಡಲು ಅವರಿಗೆ ಏನೂ ಇರಲಿಲ್ಲ.

ಈಟಿಗಾರ್ತಿ ತನ್ನ ಪಾತ್ರದ ಲೆಕ್ಕ ಬರೆದ ಹಾಳೆ ನೋಡುತ್ತಾ, ‘ಅಷ್ಟೇನಾ?’ ಅಂದಳು.

ನನಗೆ ಗಾಬರಿಯಾಯಿತು. ಆ ಗಾಬರಿಯಲ್ಲಿ ಇನ್ನೊಂದು ತಪ್ಪು ಮಾಡಿದೆ. ಬೆಳಕೊಂದು ಮೂಡಿತು, ದೇವರು ಕೈ ಹಿಡಿದ, ಗಾಯ ಮಾಯವಾಯಿತು, ಏಳು ಅಂತ ಹೇಳಿಬಿಟ್ಟೆ. ಅವಳ ಮುಖ ಅರಳಲಿಲ್ಲ. ಈ ಸಲ ಮಾತಾಡಿದವನು ಗಾಳಿಯವನು: ‘ಹಾಗಾದ್ರೆ ನಾನು ಹೊಡೆದಿದ್ದು ಲೆಕ್ಕಕ್ಕಿಲ್ವಾ?’

ಅವನು ಕೇಳಿದ್ದು ಸರಿಯಾಗಿತ್ತು. ಒಬ್ಬಳ ಸೋಲನ್ನು ಅಗ್ಗ ಮಾಡಿದೆ. ಅದನ್ನು ಸರಿಮಾಡಲು ಹೋಗಿ ಇನ್ನೊಬ್ಬನ ಗೆಲುವನ್ನೂ ಅಗ್ಗ ಮಾಡಿದೆ. ಅವತ್ತು ಅಲ್ಲಿಗೇ ನಿಲ್ಲಿಸೋಣ ಅಂದೆ. ಇಡೀ ಪ್ರಕರಣದಲ್ಲಿ ನಾನು ಮಾಡಿದ ಮೊದಲ ಸರಿಯಾದ ಕೆಲಸ ಅದು.

ನಡುವಿನ ಎರಡು ವಾರ

ಮುಂದಿನ ಸೆಷನ್‌ಗೆ ಎರಡು ವಾರ ಇತ್ತು. ಐವರಿಗೂ ಬೇರೆ ಬೇರೆಯಾಗಿ ಫೋನ್ ಮಾಡಿದೆ. ಎಲ್ಲರಿಗೂ ಒಂದೇ ಪ್ರಶ್ನೆ: ಈ ದ್ವಂದ್ವದಲ್ಲಿ ಸೋತರೂ ಪರವಾಗಿಲ್ಲ ಅನ್ನಿಸಬೇಕಾದರೆ ಅಲ್ಲಿ ಏನಿರಬೇಕು?

ಈಟಿಗಾರ್ತಿ ಹೇಳಿದ್ದು: ‘ನನ್ನ ದೇವರು ಆ ಬೆಟ್ಟದಲ್ಲಿ ಸೋಲ್ತಾನೆ ಅಂತ ಗೊತ್ತಿದ್ದೇ ಹತ್ತಿದ್ದು. ಸೋಲೋಕೆ ನನಗೆ ಬೇಜಾರಿಲ್ಲ. ಆದ್ರೆ ಏನು ಕಳ್ಕೊಂಡೆ ಅಂತ ನನಗೆ ಅನ್ನಿಸಬೇಕು.’

ಗಾಳಿಯವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: ‘ಅವಳು ತಮ್ಮನ ಬಗ್ಗೆ ಒಂದು ಮಾತಾಡಬೇಕು. ನನ್ನ ಮುಖ ನೋಡಿ.’

ಉಳಿದ ಮೂವರ ಉತ್ತರ ಹೆಚ್ಚುಕಡಿಮೆ ಒಂದೇ. ನಮಗೂ ಮಾಡೋಕೆ ಏನಾದ್ರೂ ಕೊಡು.

ಈ ಮೂರು ಉತ್ತರಗಳಲ್ಲಿ ಯಾವುದೂ ಯಾರು ಗೆಲ್ಲಬೇಕು ಅನ್ನುವುದರ ಬಗ್ಗೆ ಇರಲಿಲ್ಲ. ಇದನ್ನು ಬರೆದಿಟ್ಟುಕೊಂಡೆ. ಮೊದಲ ಸೆಷನ್‌ನಲ್ಲಿ ನನ್ನ ನಿಯಮಗಳೆಲ್ಲ ಉತ್ತರ ಕೊಟ್ಟಿದ್ದು ಆ ಒಂದು ಪ್ರಶ್ನೆಗೆ ಮಾತ್ರ.

ಆ ದಿನಗಳಲ್ಲಿ ತಲೆಯಲ್ಲಿ ಸುತ್ತುತ್ತಿದ್ದದ್ದು ಕಿರಾತನೂ ಅರ್ಜುನನೂ. ಒಂದೇ ಹಂದಿಗೆ ಇಬ್ಬರ ಬಾಣ. ಯಾರದು ಅಂತ ಜಗಳ. ಆ ಕಾಳಗದಲ್ಲಿ ಎಷ್ಟು ಏಟು ಬಿತ್ತು ಅಂತ ನಮಗೆ ನೆನಪಿರುವುದಿಲ್ಲ. ನೆನಪಿರುವುದು ಅರ್ಜುನನ ಕೈಯಿಂದ ಒಂದೊಂದಾಗಿ ಹೋದದ್ದು. ಬತ್ತಳಿಕೆ ಬರಿದಾಯಿತು. ಬಿಲ್ಲು ಹೋಯಿತು. ಕತ್ತಿ ಮುರಿಯಿತು. ಕೊನೆಗೆ ಬರಿ ಕೈ, ಬರಿ ಮೈ. ಎದುರಿಗಿರುವವನು ಶಿವ ಅಂತ ಗೊತ್ತಾಗುವುದು ಕೈಯಲ್ಲಿ ಏನೂ ಉಳಿಯದ ಮೇಲೆ. ಪಾಶುಪತ ಸಿಗುವುದೂ ಸೋತವನಿಗೇ.

ಎರಡನೇ ಸಲದ ನನ್ನ ಮುಖ್ಯ ನಿಯಮ ಅಲ್ಲಿಂದ ಬಂತು. ಒಂದು ಸಲ ಬಳಸಿದ್ದನ್ನು ಮತ್ತೆ ಬಳಸುವಂತಿಲ್ಲ. ಮೊದಲ ಸುತ್ತಿಗೆ ಕತ್ತಿ ತಂದರೆ ಕತ್ತಿ ಮುಗಿಯಿತು. ಮುಂದಿನ ಸುತ್ತಿಗೆ ಬೇರೆ ಏನಾದರೂ ತರಬೇಕು. ಮಾತು, ಆಣೆ, ನಂಬಿಕೆ, ಓಟ, ಪ್ರೀತಿ, ದ್ವೇಷ, ಹಾಳೆಯ ಮೇಲೆ ಇರುವ ಯಾವುದಾದರೂ ಸರಿ. ಈ ಆವೃತ್ತಿಯಲ್ಲಿ ಪಾತ್ರದ ಭಾವನೆಗಳಿಗೂ, ಸತ್ಯ, ಗಾಳಿಯಂಥ ಮೂಲಶಕ್ತಿಗಳ ಗುರುತಾದ ರೂನ್‌ಗಳಿಗೂ ಶೇಕಡಾ ಲೆಕ್ಕ ಇರುವುದರಿಂದ ಇದು ಸುಲಭವಾಯಿತು.

ಗೆಲುವಿನ ಲೆಕ್ಕವನ್ನು ಅದೇ ಲೋಕಕ್ಕೂ ಬಳಸುವ ಇನ್ನೊಂದು ಆಟದಿಂದ ತಂದೆ. ಹೀರೋಕ್ವೆಸ್ಟ್ ಎಂಬ ಹೆಸರಿನದೇ ಒಂದು ಆಟ ಇತ್ತು. ಅದರ 2009ರ ಆವೃತ್ತಿಯಲ್ಲಿ ದೊಡ್ಡ ಪೈಪೋಟಿಗಳು 5 ಅಂಕಕ್ಕೆ ಮುಗಿಯುತ್ತವೆ. ನಾನು ಅದನ್ನು ಸರಳ ಮಾಡಿದೆ. ಇಬ್ಬರೂ ದಾಳ ಉರುಳಿಸಬೇಕು. ಗೆದ್ದವರಿಗೆ 1, ಗೆಲುವಿನ ಜೊತೆ ಸ್ಪೆಷಲ್ ಬಿದ್ದರೆ 2. ಇಬ್ಬರೂ ಸಮಸಮ ಬಂದರೆ ಯಾರಿಗೂ ಇಲ್ಲ. ಮೊದಲು 5 ಮುಟ್ಟಿದವರು ಗೆದ್ದ ಹಾಗೆ. ಕಾಲು ಕತ್ತರಿಸಿಹೋಗುವ ಲೆಕ್ಕ ಇಲ್ಲಿ ಇಲ್ಲ. ಅಂಕ ಬಿದ್ದಾಗ ಏನಾಯಿತು ಅನ್ನುವುದನ್ನು ಸೋತವರು ಹೇಳುತ್ತಾರೆ. ಇದು ಚಿಕ್ಕ ವಿಷಯ ಅನ್ನಿಸಬಹುದು. ಆದರೆ ನನ್ನ ಅನುಭವದಲ್ಲಿ ಏಟು ತಿಂದವರ ಬಾಯಿಂದಲೇ ಏಟಿನ ವರ್ಣನೆ ಬಂದರೆ ಮೇಜಿನ ಗಾಳಿಯೇ ಬದಲಾಗುತ್ತದೆ. ಯಾರೂ ತಮಗೆ ಅವಮಾನ ಆಯಿತು ಅಂದುಕೊಳ್ಳುವುದಿಲ್ಲ.

ನೋಡುವವರಿಗೂ ಒಂದೊಂದು ಜಾಗ ಸಿಕ್ಕಿತು. ಒಬ್ಬಳು ಹಿಮ. ಬೆಟ್ಟದ ಚಳಿ ಯಾರನ್ನು ಯಾವಾಗ ಕಚ್ಚುತ್ತದೆ ಅಂತ ಅವಳು ಹೇಳುತ್ತಾಳೆ. ಒಬ್ಬ ಕೆಳಗಡೆ ಕತ್ತಲೆಯಲ್ಲಿ ಕಾಯುವ ಜೋರಾಕ್ ಜೋರಾನ್. ದ್ವಂದ್ವ ಮುಗಿದ ಮೇಲೆ ಬೆಂಕಿಗೆ ಕೈಹಾಕುವವನು ಅವನೇ. ಮೂರನೆಯವನಿಗೆ ಪುರಾಣದಲ್ಲಿ ಜಾಗ ಇರಲಿಲ್ಲ. ಗಾಳಿಯವನು ತನ್ನ ಜೊತೆ ಬೆಟ್ಟಕ್ಕೆ ಹೊತ್ತು ತಂದದ್ದು ಯಾವುದೋ ಅದು ನೀನು ಅಂದೆ. ಸತ್ತ ತಮ್ಮ. ಮೂವರಿಗೂ ಒಂದೇ ಅಧಿಕಾರ ಇತ್ತು. ಇಡೀ ದ್ವಂದ್ವದಲ್ಲಿ ಒಂದು ಸಲ, ಇಬ್ಬರಲ್ಲಿ ಯಾರಿಗಾದರೂ ಒಂದು ಪ್ರಶ್ನೆ ಕೇಳಬಹುದು. ಕೇಳಿಸಿಕೊಂಡವರು ಉತ್ತರ ಕೊಡಲೇಬೇಕು.

ಉಳಿದದ್ದು ಒಂದೇ ತೊಡಕು. ಆಗಿಹೋದ ಸೆಷನ್‌ನ ಗತಿ ಏನು? ಅಳಿಸಿಹಾಕಿದರೆ ಗಾಳಿಯವನ ಏಟು ಮತ್ತೆ ಲೆಕ್ಕಕ್ಕಿಲ್ಲದೆ ಹೋಗುತ್ತದೆ. ಐವರೂ ಸೇರಿ ಮಾಡಿದ ತೀರ್ಮಾನ ಇದು: ದೇವರ ಕಾಲದಲ್ಲಿ ಆ ಬೆಟ್ಟವನ್ನು ಒಂದು ಸಲ ಮಾತ್ರ ಹತ್ತುವುದು ಅಂತ ಇಲ್ಲ. ಮೊದಲು ನಡೆದದ್ದು ಬೆಟ್ಟದ ಬುಡದ ರಾತ್ರಿ ಇಬ್ಬರೂ ಕಂಡ ಕನಸು. ಬೆಳಗ್ಗೆ ಎದ್ದಾಗ ಈಟಿಗಾರ್ತಿಯ ಎಡಗಾಲು ನಿಜವಾಗಿ ನೋಯುತ್ತಿತ್ತು. ಆ ಕಾಲು ಬಳಸುವ ಯಾವ ಕೆಲಸಕ್ಕೂ ಅವಳಿಗೆ 10 ಕಡಿಮೆ. ಗಾಳಿಯವನು ಇದಕ್ಕೆ ತಲೆಯಾಡಿಸಿದ. ಅವನಿಗೆ ಅಷ್ಟು ಸಾಕಿತ್ತು.

ಎರಡನೇ ಸಲ

ಮೊದಲ ಸುತ್ತಿಗೆ ಈಟಿಗಾರ್ತಿ ಆಯುಧ ಎತ್ತಲಿಲ್ಲ. ತನ್ನ ಹೆಸರು, ತಾಯಿಯ ಹೆಸರು, ತನ್ನ ದಳದ ಆಣೆ ಹೇಳಿ, ಸತ್ಯದ ರೂನ್ ಮುಂದಿಟ್ಟಳು. ಗಾಳಿಯವನು ಗಾಳಿಯ ರೂನ್ ತಂದ. ಅವಳಿಗೆ 1. ಎರಡನೆಯದಕ್ಕೆ ಅವನು ಚಲನೆಯ ರೂನ್ ಹಿಡಿದು ಇಳಿಜಾರು ಹಾರಿ ಬಂದ, ಸ್ಪೆಷಲ್ ಬಿತ್ತು, ಅವನಿಗೆ 2. ಮೂರನೆಯದು ಅವಳ ಈಟಿ ಮತ್ತು ಗುರಾಣಿ. ನೋಯುವ ಕಾಲು ಕಲ್ಲಿಗೆ ಒತ್ತಿ ನಿಂತಳು. 2-2.

ನಾಲ್ಕನೇ ಸುತ್ತು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಹಿಮದ ಜಾಗದಲ್ಲಿದ್ದವಳು ತನ್ನ ಒಂದು ಪ್ರಶ್ನೆಯನ್ನು ಈಟಿಗಾರ್ತಿಗೆ ಕೇಳಿದಳು: ‘ಆ ರಾತ್ರಿ ನೀನು ಯಾವ ಸಾಲಿನಲ್ಲಿದ್ದೆ?’

ಈಟಿಗಾರ್ತಿ ಗಾಳಿಯವನ ಕಡೆ ತಿರುಗಿದಳು. ಪಾತ್ರವಾಗಿಯೇ ಮಾತಾಡಿದಳು. ಮೂರನೇ ಸಾಲು. ಕತ್ತಲೆ ಇತ್ತು. ಆಜ್ಞೆ ಬಂತು, ಎಲ್ಲರ ಈಟಿಯೂ ಒಟ್ಟಿಗೆ ಕೆಳಗೆ ಬಂತು. ನನ್ನದೂ ಬಂತು. ಯಾವುದಕ್ಕೋ ತಗುಲಿತು. ಅದು ಏನು ಅಂತ ನಾನು ನೋಡಲಿಲ್ಲ. ನೋಡಬಾರದು ಅಂತಲೇ ನೋಡಲಿಲ್ಲ.

ಆ ಸುತ್ತಿನ ದಾಳ ಇಬ್ಬರಿಗೂ ಸಮ ಬಿತ್ತು. ಯಾರಿಗೂ ಅಂಕ ಇಲ್ಲ. ಮೇಜಿನ ಮೇಲೆ ಯಾರಿಗೂ ಅದರ ಪರಿವೆ ಇರಲಿಲ್ಲ. ಅಂಕ ಬೀಳದ ಆ ಒಂದು ಸುತ್ತಿಗೋಸ್ಕರವೇ ಐದು ತಿಂಗಳು ಆಡಿದೆವೇನೋ ಅನ್ನಿಸಿತು.

ಆಮೇಲೆ ಬೇಗ ಸಾಗಿತು. ಕತ್ತಿಯಿಂದ ಅವನಿಗೆ 1. ದೇವಸ್ಥಾನದ ಮೇಲಿನ ನಿಷ್ಠೆಯಿಂದ ಅವಳಿಗೆ 1. ಬಂಡೆ ಹತ್ತಿ ಮೇಲಿಂದ ಎರಗಿ ಅವನಿಗೆ ಮತ್ತೆ 1. ಏಳು ಸುತ್ತು ಮುಗಿದಾಗ ಅವನಿಗೆ 4, ಅವಳಿಗೆ 3. ಇಬ್ಬರ ಹಾಳೆಯಲ್ಲೂ ಬಳಸದೆ ಉಳಿದದ್ದು ತೀರಾ ಕಡಿಮೆ. ಅವಳಿಗೆ ಬೆಳಕಿನ ರೂನ್ ಇತ್ತು, 70. ಅವನಿಗೆ ಒಡೆತನದ ರೂನ್ ಇತ್ತು, 55. ಓರ್ಲಾಂತ್ ರಾಜ ಅನ್ನಿಸಿಕೊಳ್ಳುವುದು ಅದರಿಂದಲೇ. ಜೊತೆಗೆ ಇನ್ನೊಂದಿತ್ತು. ಸೂರ್ಯನ ಭಕ್ತರ ಮೇಲಿನ ದ್ವೇಷ, 80.

ಆಗ ತಮ್ಮನ ಜಾಗದಲ್ಲಿದ್ದವನು ತನ್ನ ಪ್ರಶ್ನೆ ಕೇಳಿದ: ‘ಅಣ್ಣಾ, ನಿನ್ನ ಕೈಲಿರೋದು ದೇವರ ಕತ್ತೀನಾ, ನಿನ್ನ ಕತ್ತೀನಾ?’

ಗಾಳಿಯವನು ‘ನನ್ನದು’ ಅಂದ. ದ್ವೇಷ ತಂದ. ದಾಳ 31. ಗೆಲುವು. ಈಟಿಗಾರ್ತಿಯದು 84. ತಪ್ಪಿತು. 5-3.

ನಾನು ಹೇಳದೇ ಉಳಿಸಿಕೊಂಡಿದ್ದ ಮಾತು

ಅಲ್ಲೇ ನಾನು ಎಡವಿದ್ದು. ಅವನು ದ್ವೇಷ ತಂದ ಕೂಡಲೇ ನನ್ನ ಮನಸ್ಸಿನಲ್ಲಿ ಒಂದು ತೀರ್ಮಾನ ಆಗಿತ್ತು. ಈ ಬೆಟ್ಟದಲ್ಲಿ ಓರ್ಲಾಂತ್ ದ್ವೇಷದಿಂದ ಹೊಡೆಯುವುದಿಲ್ಲ. ತಮ್ಮನಿಗಾಗಿಯೂ ಹೊಡೆಯುವುದಿಲ್ಲ. ಹಾಗೆ ಹೊಡೆದವನು ದೇವರ ದಾರಿ ಬಿಟ್ಟು ತನ್ನ ದಾರಿಗೆ ಇಳಿದ. ಗೆದ್ದರೂ ಅದು ಒಬ್ಬ ಮನುಷ್ಯನ ಗೆಲುವು. ದೇವರ ಪಾಲು ಅವನಿಗೆ ಸಿಗುವುದಿಲ್ಲ.

ದಾಳ ಬಿದ್ದ ಮೇಲೆ ಇದನ್ನು ಹೇಳಿದೆ. ಗಾಳಿ ನಿಂತಿತು ಅಂದೆ. ನೀನು ಒಬ್ಬನೇ ನಿಂತಿದ್ದೀಯ ಅಂದೆ. ನನಗೆ ಅದು ತುಂಬಾ ಚೆನ್ನಾಗಿದೆ ಅನ್ನಿಸಿತ್ತು.

ಅವನ ಮುಖ ಕೆಂಪಾಯಿತು. ‘ಇದನ್ನ ಮೊದಲೇ ಹೇಳಬೇಕಿತ್ತು ಅಲ್ವಾ? ಗೆದ್ದವನಿಗೆ ಶಿಕ್ಷೆ ಕೊಟ್ಟ ಹಾಗಾಯ್ತು.’

ಒಂದು ಕ್ಷಣ ವಾದ ಮಾಡೋಣ ಅನ್ನಿಸಿತು. ಪುರಾಣದಲ್ಲೇ ಇದೆ, ನಿನ್ನ ಪಾತ್ರಕ್ಕೆ ಗೊತ್ತಿರಬೇಕಿತ್ತು ಅಂತ. ಆದರೆ ಪಾತ್ರಕ್ಕೆ ಗೊತ್ತಿರಬೇಕಾದದ್ದನ್ನು ಆಟಗಾರನಿಗೆ ಹೇಳಬೇಕಾದವನು ನಾನು ತಾನೇ? ಆ ಲೋಕದಲ್ಲಿ ಹುಟ್ಟಿ ಬೆಳೆದ ಭಕ್ತನಿಗೆ ದೇವರ ದಾರಿ ಯಾವುದು ಅಂತ ಎಳೆವಯಸ್ಸಿನಿಂದ ಗೊತ್ತಿರುತ್ತದೆ. ಮೇಜಿನ ಮುಂದೆ ಕೂತ ಆಟಗಾರನಿಗೆ ಅದು ಗೊತ್ತಾಗುವುದು ನನ್ನ ಬಾಯಿಂದ ಮಾತ್ರ. ಬೆಲೆ ಮುಚ್ಚಿಟ್ಟು ಆಯ್ಕೆ ಮಾಡು ಅಂದರೆ ಅದು ಆಯ್ಕೆಯೇ ಅಲ್ಲ. ಮೊದಲ ಸೆಷನ್‌ನಲ್ಲಿ ಅಂಗದ ದಾಳ ಈಟಿಗಾರ್ತಿಗೆ ಮಾಡಿದ್ದನ್ನೇ ಇಲ್ಲಿ ನಾನು ಗಾಳಿಯವನಿಗೆ ಮಾಡಿದ್ದೆ. ಅವನ ಕೈಯಲ್ಲಿ ಇಲ್ಲದ ಒಂದು ಸಂಗತಿ ಅವನ ಕಥೆಯನ್ನು ತೀರ್ಮಾನಿಸಿತ್ತು.

ತಪ್ಪು ನನ್ನದು ಅಂದೆ. ಒಂದೇ ಒಂದು ಹೆಜ್ಜೆ ಹಿಂದಕ್ಕೆ ಹೋಗೋಣ, ಈಗ ಎಲ್ಲ ಬಿಚ್ಚಿ ಹೇಳುತ್ತೇನೆ ಅಂದೆ. ದಾಳದ ಬಗ್ಗೆ ಸಣ್ಣ ಚರ್ಚೆ ಆಯಿತು. ಕತ್ತಲೆಯ ಜಾಗದಲ್ಲಿದ್ದವನು ಬಿದ್ದ ದಾಳ ಬಿದ್ದ ಹಾಗೇ ಇರಲಿ ಅಂದ. ನಾನು ಒಪ್ಪಲಿಲ್ಲ. ದ್ವೇಷ ತಂದರೆ ಗೆಲುವು ಗ್ಯಾರಂಟಿ ಅಂತ ಮೊದಲೇ ಗೊತ್ತಿದ್ದರೆ ಅವನ ಆಯ್ಕೆಗೆ ತೂಕ ಇರುವುದಿಲ್ಲ. ಈಟಿಗಾರ್ತಿಗೂ ಅದು ನ್ಯಾಯ ಅಲ್ಲ. ಇಬ್ಬರೂ ಮತ್ತೆ ಉರುಳಿಸಬೇಕು ಅಂತ ಆಯಿತು.

ಆಮೇಲೆ ಅವನಿಗೆ ಹೇಳಿದೆ. ಒಡೆತನದ ರೂನ್ ತಂದರೆ ನೀನು ಓರ್ಲಾಂತ್. ನಿನಗೆ 55 ಇದೆ, ಸೋಲಬಹುದು. ಗೆದ್ದರೆ ಅವಳ ಕೈಯಿಂದ ನೀನು ತೆಗೆದುಕೊಳ್ಳುವುದು ಸೂರ್ಯನ ಈಟಿ, ನಿನ್ನ ಕುಲ ನೂರು ವರ್ಷ ಹಾಡಿಕೊಳ್ಳುವಂಥದ್ದು. ದ್ವೇಷ ತಂದರೆ ನೀನು ನೀನೇ. ನಿನಗೆ 80 ಇದೆ. ಗೆದ್ದರೆ ಸಿಗುವುದು ಒಂದು ಮಾಮೂಲಿ ಈಟಿ.

ಅವನು ತುಂಬಾ ಹೊತ್ತು ಯೋಚನೆ ಮಾಡಿದ. ಯಾರೂ ಅವಸರ ಮಾಡಲಿಲ್ಲ. ಒಂದು ಸಲ ತಮ್ಮನ ಜಾಗದಲ್ಲಿದ್ದವನ ಕಡೆ ನೋಡಿದ. ಅವನ ಪ್ರಶ್ನೆ ಮುಗಿದಿತ್ತು, ಅವನು ಏನೂ ಹೇಳುವಂತಿರಲಿಲ್ಲ.

‘ದ್ವೇಷ’ ಅಂದ ಗಾಳಿಯವನು. ‘ನಾನು ದೇವರಿಗೋಸ್ಕರ ಬೆಟ್ಟ ಹತ್ತಲಿಲ್ಲ.’

ದಾಳ 44. ಈಟಿಗಾರ್ತಿಯದು 91. ಮತ್ತೆ 5-3.

ಫಲ ಅದೇ, ಅಂಕ ಅದೇ, ಬೆಲೆಯೂ ಅದೇ. ಹತ್ತು ನಿಮಿಷದ ಹಿಂದೆ ಅವನನ್ನು ಕೆಣಕಿದ್ದ ಅದೇ ಮುಕ್ತಾಯವನ್ನು ಈಗ ಅವನೇ ವರ್ಣಿಸಲು ಶುರು ಮಾಡಿದ. ಗಾಳಿ ನಿಂತದ್ದು, ಕಿವಿಯಲ್ಲಿ ತನ್ನ ಉಸಿರು ಮಾತ್ರ ಕೇಳಿದ್ದು, ಈಟಿ ಎತ್ತಿಕೊಂಡಾಗ ಅದು ಬರೀ ಮರ ಮತ್ತು ಕಂಚು ಅಂತ ಕೈಗೆ ಗೊತ್ತಾದದ್ದು. ನಾನು ಬಾಯಿ ಮುಚ್ಚಿಕೊಂಡು ಕೇಳಿದೆ.

ಸೋತವಳ ರಾತ್ರಿ

ದ್ವಂದ್ವ ಮುಗಿದರೂ ಬೆಟ್ಟ ಮುಗಿದಿರಲಿಲ್ಲ. ಮೊದಲ ಸಲ ನಾನು ಮರೆತದ್ದು ಇದನ್ನೂ. ಈಟಿಗಾರ್ತಿಯ ಪುರಾಣದಲ್ಲಿ ಈ ಸೋಲು ಅರ್ಧ ದಾರಿ ಅಷ್ಟೇ. ಆಯುಧ ಕಳೆದುಕೊಂಡವಳು ಈಗ ಸರಿಯಾಗಿ ತನ್ನ ದೇವರು ನಿಂತ ಜಾಗದಲ್ಲೇ ನಿಂತಿದ್ದಳು. ದಾರಿ ತಪ್ಪಿದವನು ಎದುರಾಳಿ. ಅವಳ ಹೆಜ್ಜೆ ಒಂದೂ ತಪ್ಪಿರಲಿಲ್ಲ.

ಅಷ್ಟು ಹೊತ್ತು ಕಾದಿದ್ದ ಜೋರಾಕ್ ಜೋರಾನ್ ಈಗ ಮೇಲೆ ಬಂದ. ಆ ಜಾಗದಲ್ಲಿದ್ದ ಆಟಗಾರ ಒಂದೂವರೆ ಗಂಟೆ ಏನು ಕಿತ್ತುಕೊಳ್ಳಬೇಕು ಅಂತಲೇ ಯೋಚನೆ ಮಾಡುತ್ತಾ ಕೂತಿದ್ದ. ಅವಳಿಗೆ ಬೆಂಕಿಯ ಮಂತ್ರ ಇರಲಿಲ್ಲ. ಅದಕ್ಕೆ, ‘ನಿನಗೆ ಬೆಚ್ಚಗೆ ಅನ್ನಿಸುವ ಒಂದು ನೆನಪು ಕೊಡು’ ಅಂದ. ಅವಳು ಈ ಗುಂಪಿನವರು ಮೊದಲ ಸಲ ಒಟ್ಟಿಗೆ ಬೆಂಕಿಯ ಸುತ್ತ ಕೂತ ರಾತ್ರಿಯನ್ನು ಕೊಟ್ಟಳು. ಗಾಳಿಯವನು ಅವಳಿಗೆ ಹೊದಿಕೆ ಕೊಟ್ಟ ರಾತ್ರಿ ಅದು. ಹಾಳೆಯಿಂದ ಅದನ್ನು ಅಳಿಸಿದಳು. ಬೆಳಗಿನವರೆಗೆ ನಿಂತಳು. ಅದಕ್ಕೆ ದಾಳ ಉರುಳಿಸಲಿಲ್ಲ. ಬೇಕಾಗಿರಲಿಲ್ಲ.

ಅವಳ ಸತ್ಯದ ರೂನ್ 10 ಏರಿತು. ಗಾಳಿಯವನಿಗೆ ಯಾವ ರೂನ್‌ನಲ್ಲೂ ಏರಿಕೆ ಇಲ್ಲ, ಇಳಿಕೆಯೂ ಇಲ್ಲ. ಅವನ ದ್ವೇಷ 80 ಇದ್ದದ್ದು 90 ಆಯಿತು. ಇದನ್ನೂ ಬೆಲೆಯ ಜೊತೆಯಲ್ಲೇ ಹೇಳಿದ್ದೆ.

ಈಗ ನಾನು ಮಾಡುವುದು

ಅದಾದ ಮೇಲೆ ಎದುರಾಳಿಗಳ ದ್ವಂದ್ವ ಬಂದಾಗಲೆಲ್ಲ ನನ್ನ ಸಿದ್ಧತೆ ಬದಲಾಗಿದೆ. ಯಾರಿಗೆ ಎಷ್ಟು ಶಕ್ತಿ ಅಂತ ಕೊನೆಗೆ ನೋಡುತ್ತೇನೆ. ಮೊದಲು ಕೇಳುವುದು ಒಬ್ಬೊಬ್ಬರೂ ಯಾರ ಕಥೆ ಹೊತ್ತು ಬಂದಿದ್ದಾರೆ ಅಂತ. ಪುರಾಣ ಒಬ್ಬರಿಗೆ ಸೋಲು ಬರೆದಿದ್ದರೆ ಆ ಸೋಲಿನ ಆಚೆ ಏನಿದೆ ಅನ್ನುವುದನ್ನು ಮೊದಲೇ ಕಟ್ಟಿಕೊಳ್ಳುತ್ತೇನೆ. ಗೆಲುವು ಬರೆದಿದ್ದರೆ ಆ ಗೆಲುವನ್ನು ಹೇಗೆ ಹಾಳು ಮಾಡಿಕೊಳ್ಳಬಹುದು ಅನ್ನುವುದನ್ನೂ. ಇಲ್ಲದಿದ್ದರೆ ಪುರಾಣ ಗೆಲ್ಲಿಸಿದವನಿಗೆ ಮಾಡಲು ಏನೂ ಉಳಿಯುವುದಿಲ್ಲ.

ದೇವರ ದಾರಿ ಬಿಟ್ಟು ತನ್ನ ದಾರಿ ಹಿಡಿಯುವ ಜಾಗ ಬಂದಾಗ ಆಟ ನಿಲ್ಲಿಸಿ ಬೆಲೆ ಹೇಳುತ್ತೇನೆ. ಇದರಿಂದ ಬೆರಗು ಕಡಿಮೆಯಾಗುತ್ತದೆ ಅಂತ ಕೆಲವು ಜಿಎಂಗಳು ವಾದಿಸುತ್ತಾರೆ. ನಾನು ಕಂಡದ್ದು ಅದಕ್ಕೆ ತಿರುಗುಮುರುಗು. ಗಾಳಿಯವನು ತಿಳಿಯದೆ ಮಾಡಿದಾಗ ಮೇಜಿನಲ್ಲಿ ಜಗಳ ಇತ್ತು. ತಿಳಿದು ಮಾಡಿದಾಗ ಎಲ್ಲರೂ ಉಸಿರು ಹಿಡಿದು ಕೂತಿದ್ದರು.

ಇದು ಎಲ್ಲಾ ಹೊಡೆದಾಟಕ್ಕೂ ಹೊಂದುವುದಿಲ್ಲ. ದಾರಿಯಲ್ಲಿ ಸಿಕ್ಕ ಕಳ್ಳರ ಜೊತೆ ಎಂಟು ಸುತ್ತಿನ ದ್ವಂದ್ವ ಆಡಿಸಿದರೆ ಬೇಸರ ಬರುತ್ತದೆ. ಅಲ್ಲಿ ಕಾಲು ಕತ್ತರಿಸುವ ಹಳೇ ನಿಯಮವೇ ಸರಿ. ಒಬ್ಬರಿಗೊಬ್ಬರು ಹೇಳದೆ ಉಳಿದ ಮಾತು ಇರುವ ಕಡೆ ಮಾತ್ರ ಇಷ್ಟು ಹೊತ್ತು ಕೊಡಬೇಕು. ಇನ್ನೊಂದು ವಿಷಯ. ಈ ಗುಂಪಿನವರು ಹಳೇ ಗೆಳೆಯರು. ಹೊಸಬರ ಜೊತೆ ಆಗಿದ್ದರೆ ಸತ್ತ ತಮ್ಮನ ಜಾಗ ಯಾರಿಗಾದರೂ ಕೊಡುವ ಮೊದಲು ಗಾಳಿಯವನನ್ನು ಕೇಳುತ್ತಿದ್ದೆ. ಇಲ್ಲೂ ಕೇಳಬೇಕಿತ್ತು. ಅವನು ಬೇಜಾರು ಮಾಡಿಕೊಳ್ಳಲಿಲ್ಲ ಅನ್ನುವುದು ನನ್ನ ಅದೃಷ್ಟ.

ಆಟ ಇನ್ನೂ ನಡೆಯುತ್ತಿದೆ. ಆ ಈಟಿ ಗಾಳಿಯವನ ಹಾಳೆಯಲ್ಲಿ ಇದೆ. ಕಂಚಿನ ಮೊನೆ, ಮಾಮೂಲಿ ಲೆಕ್ಕ, ಯಾವ ಮಂತ್ರವೂ ಇಲ್ಲ. ಅವನು ಅದನ್ನು ಒಂದು ಸಲವೂ ಹೊಡೆದಾಟಕ್ಕೆ ಬಳಸಿಲ್ಲ. ಹೋದ ಸೆಷನ್‌ನಲ್ಲಿ ಈಟಿಗಾರ್ತಿ ಅದನ್ನು ವಾಪಸ್ ಕೇಳಿದಳು. ತಮ್ಮನ ಗೋರಿಯ ಹತ್ತಿರ ನೆಡಲು ಕೇಳುತ್ತಿದ್ದೇನೆ ಅಂದಳು. ಅವನು ಹಾಳೆ ನೋಡಿ, ‘ಇವತ್ತು ಬೇಡ. ಮುಂದಿನ ಸಲ ಕೇಳು’ ಅಂದ.